ಸೀಮಂತ ಆದ ತಕ್ಷಣ ತವರಿಗೆ ಹೋಗಬೇಕಾ, ಬೆಂಗಳೂರಿನಲ್ಲೇ ಹೆರಿಗೆ ಮಾಡಿಸಿಕೊಳ್ಳಲಾ?

ಸಾಗರದ ಹುಡುಗಿ
ಎಲ್ಲರಿಗೂ ನಮಸ್ಕಾರ. ನನಗಿದು ಮೊದಲ ಬಸಿರು. ಈಗ 28ನೇ ವಾರ. ಆಗಸ್ಟ್ ಮೊದಲ ವಾರ ಡೇಟ್ ಕೊಟ್ಟಿದ್ದಾರೆ. ನಾವಿರುವುದು ಬೆಂಗಳೂರಿನ ಕೆಂಗೇರಿ ಕಡೆ. ತವರು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮುಂದಿನ ವಾರ ಸೀಮಂತ. ಅದು ಮುಗಿದ ಕೂಡಲೇ ಕರೆದುಕೊಂಡು ಹೋಗಬೇಕು ಅಂತ ಅಮ್ಮನ ಆಸೆ. ಮೊದಲ ಬಾಣಂತನ ತವರಿನದ್ದೇ ಅಂತ ಅತ್ತೆಯೂ ಹೇಳುತ್ತಾರೆ.

ನನಗೆ ಎರಡು ಮನಸ್ಸು. ಅಮ್ಮನ ಹತ್ತಿರ ಇರಬೇಕು ಅಂತ ತುಂಬಾ ಅನ್ನಿಸುತ್ತದೆ. ಆದರೆ ಆಗಸ್ಟ್ ಅಂದರೆ ನಮ್ಮ ಕಡೆ ಮಳೆ ಹೇಗಿರುತ್ತದೆ ಅಂತ ಗೊತ್ತಲ್ಲ. ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಇರುವುದಿಲ್ಲ. ಮನೆಯಿಂದ ಸಾಗರ ಪೇಟೆಗೆ ಬರುವುದೇ ಒಂದು ಕೆಲಸ. ಬೆಂಗಳೂರಿನಲ್ಲಾದರೆ ಮೊದಲಿನಿಂದ ನೋಡಿದ ಡಾಕ್ಟರ್ ಇದ್ದಾರೆ, ಆದರೆ ಮನೆಯಲ್ಲಿ ಯಾರೂ ಇಲ್ಲ. ನನ್ನ ಗಂಡನಿಗೆ ಶಿಫ್ಟ್ ಕೆಲಸ. ಅಮ್ಮ ಇಲ್ಲಿಗೆ ಬಂದರೂ ಜಾಸ್ತಿ ದಿನ ಇರಲಾರರು. ಅಪ್ಪ ಒಬ್ಬರೇ ಕೊಟ್ಟಿಗೆ, ತೋಟ ಎರಡನ್ನೂ ನೋಡಿಕೊಳ್ಳಲು ಆಗುವುದಿಲ್ಲ.

ರಾತ್ರಿ ನಿದ್ದೆ ಬರುತ್ತಿಲ್ಲ. ನೀವೆಲ್ಲ ಏನು ಮಾಡಿದಿರಿ, ದಯವಿಟ್ಟು ಹೇಳಿ.

ಹುಬ್ಬಳ್ಳಿ ಅಕ್ಕ
ತಂಗಿ, ತವರಿಗೆ ಹೋಗು. ಇದರಲ್ಲಿ ಯೋಚನೆ ಮಾಡುವುದೇ ಇಲ್ಲ. ನಮ್ಮ ಕಡೆ ಕುಬುಸ ಮಾಡಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಕಳಿಸುತ್ತಾರೆ. ಅದೆಲ್ಲ ಯಾಕೆ ಅಂತಿ? ಹೆಣ್ಣುಮಗಳಿಗೆ ಆ ಟೈಮಲ್ಲಿ ವಿಶ್ರಾಂತಿ ಸಿಗಲಿ ಅಂತ. ಗಂಡನ ಮನೆಯಲ್ಲಿ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಒಂಬತ್ತು ಗಂಟೆವರೆಗೆ ಮಲಗೋಕೆ ಸಂಕೋಚ. ಅವ್ವನ ಮನೆಯಲ್ಲಿ ಆ ಸಂಕೋಚ ಇಲ್ಲ.

34ನೇ ವಾರ
ನಾನು ಒಪ್ಪುವುದಿಲ್ಲ ಅಕ್ಕ. ವಿಶ್ರಾಂತಿ ಬೇಕು ನಿಜ. ಆದರೆ ಡಾಕ್ಟರ್ ಬದಲಾಯಿಸುವುದು ಸಣ್ಣ ವಿಷಯ ಅಲ್ಲ. ನಾನು ವೈಟ್‌ಫೀಲ್ಡ್‌ನಲ್ಲೇ ಇದ್ದೇನೆ, ಇಲ್ಲೇ ಹೆರಿಗೆ. ಅಮ್ಮ ಮಂಡ್ಯದಿಂದ ಬರುತ್ತಾರೆ. ಬೆಂಗಳೂರಿನಲ್ಲಿ ಮಧ್ಯರಾತ್ರಿ ಹೊಟ್ಟೆನೋವು ಬಂದರೂ ಹದಿನೈದು ನಿಮಿಷದಲ್ಲಿ ಆಸ್ಪತ್ರೆ.

ಮಂಗಳೂರು ಮಾವು
ಹದಿನೈದು ನಿಮಿಷನಾ? ವೈಟ್‌ಫೀಲ್ಡ್‌ನಲ್ಲಾ? 🙂

34ನೇ ವಾರ
ಮಧ್ಯರಾತ್ರಿ ಅಂದೆನಲ್ಲ! ಸಂಜೆ ಆರಕ್ಕೆ ಅಂತ ಹೇಳಿಲ್ಲ.

ಲೇಬರ್ ವಾರ್ಡ್ ನರ್ಸ್
ತವರಾ, ಬೆಂಗಳೂರಾ ಅನ್ನುವುದಕ್ಕೆ ಮುಂಚೆ ನಾಲ್ಕು ವಿಷಯ ಹೇಳಿ. ಹಿಮೋಗ್ಲೋಬಿನ್ ಎಷ್ಟು? ಬಿಪಿ ಹೇಗಿದೆ? ಗ್ಲೂಕೋಸ್ ಕುಡಿಸಿ ಶುಗರ್ ಟೆಸ್ಟ್ ಮಾಡಿದ್ದಾರಾ? ರಕ್ತದ ಗುಂಪು ಯಾವುದು? ಎಲ್ಲವೂ ನಾರ್ಮಲ್ ಇದ್ದರೆ ಒಂದು ಉತ್ತರ, ಇಲ್ಲದಿದ್ದರೆ ಬೇರೆ ಉತ್ತರ.

ಸಾಗರದ ಹುಡುಗಿ
ಹಿಮೋಗ್ಲೋಬಿನ್ 9.8. ಬಿಪಿ ನಾರ್ಮಲ್. ಶುಗರ್ ಟೆಸ್ಟ್ ಆಗಿದೆ, ಎರಡು ಗಂಟೆ ಆದ ಮೇಲೆ 118 ಬಂತು. ರಕ್ತದ ಗುಂಪು ಓ ನೆಗೆಟಿವ್, ನನ್ನ ಗಂಡನದು ಬಿ ಪಾಸಿಟಿವ್.

ಲೇಬರ್ ವಾರ್ಡ್ ನರ್ಸ್
ಶುಗರ್ ಸರಿಯಾಗಿದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ನಮ್ಮ ಟೆಸ್ಟ್‌ನಲ್ಲಿ ಎರಡು ಗಂಟೆಗೆ 140 ದಾಟಬಾರದು. ಆದರೆ ಉಳಿದ ಎರಡು ಮುಖ್ಯ.

ಬಸುರಿಯರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ನಿಮ್ಮದು 9.8. ಹೆರಿಗೆಗೆ ಇನ್ನೂ ಟೈಮ್ ಇದೆ, ಏರಿಸಬಹುದು. ಐರನ್ ಮಾತ್ರೆ ಬಿಡದೆ ತಗೊಳ್ತಿದ್ದೀರಾ?

ಇನ್ನು ರಕ್ತದ ಗುಂಪು. ನೀವು ನೆಗೆಟಿವ್, ಅವರು ಪಾಸಿಟಿವ್. ಆಗ ಮಗು ಪಾಸಿಟಿವ್ ಆಗಬಹುದು. ನಿಮ್ಮ ದೇಹ ಮಗುವಿನ ರಕ್ತದ ವಿರುದ್ಧ ಕೆಲಸ ಮಾಡದಿರಲಿ ಅಂತ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ. ಸಾಮಾನ್ಯವಾಗಿ 28ನೇ ವಾರದಲ್ಲಿ ಒಂದು. ಹೆರಿಗೆ ಆದ ಮೇಲೆ ಮಗು ಪಾಸಿಟಿವ್ ಅಂತ ಗೊತ್ತಾದರೆ 72 ಗಂಟೆ ಒಳಗೆ ಇನ್ನೊಂದು. ಸೀಮಂತದ ಗಡಿಬಿಡಿಯಲ್ಲಿ ಇದನ್ನು ಮರೆಯಬೇಡಿ. ನಾಳೆಯೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಸಾಗರದ ಹುಡುಗಿ
ಅಯ್ಯೋ, ಇದನ್ನು ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಮೊದಲ ಟೆಸ್ಟ್ ಆದಾಗ "ನೆಗೆಟಿವ್ ಇದೆ, ನೋಡೋಣ" ಅಂದಿದ್ದರು ಅಷ್ಟೇ. ಬೆಳಿಗ್ಗೆಯೇ ಫೋನ್ ಮಾಡುತ್ತೇನೆ. ಐರನ್ ಮಾತ್ರೆ ತಗೊಳ್ತೀನಿ, ಆದರೆ ಹೊಟ್ಟೆ ಕಟ್ಟುತ್ತದೆ, ವಾಕರಿಕೆ ಬೇರೆ.

ಗಾರ್ಮೆಂಟ್ಸ್ ಗೆಳತಿ
ನನಗೂ ಹಾಗೇ ಆಗುತ್ತಿತ್ತು ಅಕ್ಕ. ಬೆಳಿಗ್ಗೆ ತಿಂಡಿ ಜೊತೆ ಟೀ ಕುಡಿದು ಮಾತ್ರೆ ನುಂಗುತ್ತಿದ್ದೆ. ಹಾಗೆ ಮಾಡಿದರೆ ಮೈಗೆ ಹತ್ತುವುದಿಲ್ಲ ಅಂತ ನಮ್ಮ ಆಶಾ ಕಾರ್ಯಕರ್ತೆ ಅಕ್ಕ ಹೇಳಿದರು. ಈಗ ರಾತ್ರಿ ಊಟ ಆದ ಸ್ವಲ್ಪ ಹೊತ್ತಿಗೆ ನಿಂಬೆ ಶರಬತ್ತಿನ ಜೊತೆ ತಗೊಳ್ತೀನಿ. ವಾಕರಿಕೆ ಮಲಗಿದಾಗ ಗೊತ್ತಾಗಲ್ಲ.

ಲೇಬರ್ ವಾರ್ಡ್ ನರ್ಸ್
ಸರಿಯಾಗಿ ಹೇಳಿದಿರಿ. ಟೀ, ಕಾಫಿ, ಹಾಲು ಯಾವುದರ ಜೊತೆಗೂ ಐರನ್ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೇ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಮಲ ಕಪ್ಪಗೆ ಹೋದರೆ ಹೆದರಬೇಡಿ, ಅದು ಮಾತ್ರೆಯಿಂದ. ಹೊಟ್ಟೆ ಕಟ್ಟಿದರೆ ನೀರು, ಸೊಪ್ಪು, ಹಣ್ಣು ಜಾಸ್ತಿ ಮಾಡಿ. ಆದರೂ ಆಗದಿದ್ದರೆ ಡಾಕ್ಟರ್ ಮಾತ್ರೆ ಬದಲಾಯಿಸುತ್ತಾರೆ. ನೀವೇ ನಿಲ್ಲಿಸಬೇಡಿ.

ಹುಬ್ಬಳ್ಳಿ ಅಕ್ಕ
ನುಗ್ಗೆಸೊಪ್ಪಿನ ಪಲ್ಯ, ಹೆಸರುಕಾಳು, ಶೇಂಗಾ, ರಾಗಿ. ಮಾತ್ರೆ ಜೊತೆಗೆ ಇವೂ ಬೇಕು. ಅದಕ್ಕೇ ಹೇಳಿದ್ದು ತವರಿಗೆ ಹೋಗು ಅಂತ. ಇದೆಲ್ಲ ಮಾಡಿ ಕೈಗೆ ಕೊಡುವವರು ಯಾರು ಅಲ್ಲಿ?

34ನೇ ವಾರ
ಬೆಂಗಳೂರಿನಲ್ಲೂ ನುಗ್ಗೆಸೊಪ್ಪು ಸಿಗುತ್ತದೆ ಅಕ್ಕ. ಗಂಡಂದಿರಿಗೆ ಕೈ ಇಲ್ಲವಾ? ಸೊಪ್ಪು ಬಿಡಿಸಲು ಬಾಣಂತನದ ಅನುಭವ ಬೇಕಾಗಿಲ್ಲ.

ಹೊಸ ಅಪ್ಪ
ನಾನು ಗಂಡಸು, ಬರೆಯಬಹುದು ತಾನೇ? ನಮ್ಮ ಮಗಳು ಹುಟ್ಟಿದಾಗ ಹೆಂಡತಿ ತವರು ಚಿಂತಾಮಣಿಯಲ್ಲಿದ್ದಳು. ನಾನು ವಾರಕ್ಕೊಮ್ಮೆ ಹೋಗಿಬರುತ್ತಿದ್ದೆ. ಮಗುವನ್ನು ಎತ್ತಿಕೊಳ್ಳಲು ಹೋದರೆ "ನಿಮಗೆ ಬರಲ್ಲ, ಕೊಡಿ" ಅನ್ನುತ್ತಿದ್ದರು. ಅವರು ಕೆಟ್ಟವರಲ್ಲ, ತುಂಬಾ ಚೆನ್ನಾಗಿ ನೋಡಿಕೊಂಡರು. ಆದರೆ ಮೊದಲ ತಿಂಗಳುಗಳು ನನಗೆ ಸಿಗಲಿಲ್ಲ. ಎಲ್ಲಿ ಹೆರಿಗೆ ಅಂತ ನಿರ್ಧಾರ ಮಾಡುವಾಗ ನಿಮ್ಮ ಯಜಮಾನರನ್ನೂ ಕೂರಿಸಿಕೊಂಡು ಮಾತಾಡಿ. ಅವರಿಗೂ ಏನೋ ಅನ್ನಿಸುತ್ತಿರಬಹುದು, ಹೇಳಿಕೊಳ್ಳುತ್ತಿಲ್ಲ ಅಷ್ಟೇ.

ಹುಬ್ಬಳ್ಳಿ ಅಕ್ಕ
ಈ ಮಾತು ಒಪ್ಪಿದೆ ತಮ್ಮ.

ರಜೆ ಲೆಕ್ಕ
ಯಾರೂ ರಜೆ ಬಗ್ಗೆ ಮಾತಾಡಿಲ್ಲ. ಸಾಗರದ ಹುಡುಗಿ, ನೀವು ಕೆಲಸಕ್ಕೆ ಹೋಗುತ್ತಿದ್ದೀರಾ? 2017ರ ತಿದ್ದುಪಡಿ ಆದ ಮೇಲೆ ಖಾಸಗಿ ಕಂಪನಿಯಲ್ಲೂ 26 ವಾರ ಸಂಬಳದ ರಜೆ ಇದೆ. ಆದರೆ ಹೆರಿಗೆ ಡೇಟ್‌ಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 8 ವಾರ. ನಿಮಗೆ ಈಗ 28 ವಾರ. ಅಂದರೆ 32ನೇ ವಾರಕ್ಕಿಂತ ಮುಂಚೆ ಹೊರಟರೆ ಆ ದಿನಗಳಿಗೆ ನಿಮ್ಮ ಬೇರೆ ರಜೆ ಹೋಗುತ್ತದೆ, ಇಲ್ಲ ಸಂಬಳ ಕಟ್ ಆಗುತ್ತದೆ.

ಇನ್ನೊಂದು ವಿಷಯ. ಮುಂಚೆ ಎಷ್ಟು ವಾರ ತೆಗೆದುಕೊಳ್ಳುತ್ತೀರೋ ಅಷ್ಟು ವಾರ ಮಗು ಜೊತೆ ಇರುವುದು ಕಮ್ಮಿ ಆಗುತ್ತದೆ. 8 ವಾರ ಮುಂಚೆ ಹೋದರೆ ಹೆರಿಗೆ ಆದ ಮೇಲೆ ಉಳಿಯುವುದು 18 ವಾರ. ನಾನು ಕೊನೇ ಎರಡು ವಾರ ಮಾತ್ರ ತಗೊಂಡೆ.

ಮಂಗಳೂರು ಮಾವು
ಎಲ್ಲರಿಗೂ ಕೊನೇವರೆಗೆ ಕೆಲಸ ಮಾಡಲು ಆಗುವುದಿಲ್ಲ. ನನಗೆ ಸೊಂಟನೋವು, ಕಾಲು ಊತ. ಆರು ವಾರ ಮೊದಲೇ ಬಿಟ್ಟೆ. ಅದಕ್ಕೆ ನನಗೆ ಬೇಜಾರಿಲ್ಲ. ಲೆಕ್ಕ ಹಾಕಿ ಮೈ ಕೆಡಿಸಿಕೊಳ್ಳಬೇಡಿ.

ಗಾರ್ಮೆಂಟ್ಸ್ ಗೆಳತಿ
ನಮ್ಮಂಥವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯಲ್ಲಿ ಸಿಗುತ್ತದೆ. ಅದೂ 26 ವಾರ, ಪೂರ್ತಿ ಕೂಲಿ ಲೆಕ್ಕದಲ್ಲಿ. ಹಿಂದಿನ ಎರಡು ಕಾಂಟ್ರಿಬ್ಯೂಷನ್ ಅವಧಿಯಲ್ಲಿ ಒಟ್ಟು 70 ದಿನ ಕಟ್ಟಿರಬೇಕು. ನಮ್ಮ ಲೈನಿನಲ್ಲಿ ಒಬ್ಬಳು ಇದು ಗೊತ್ತಿಲ್ಲದೆ ಏಳನೇ ತಿಂಗಳಿಗೆ ಕೆಲಸವನ್ನೇ ಬಿಟ್ಟಳು. ಬಿಡಬೇಡಿ, ರಜೆ ಹಾಕಿ. ಯಾರಾದರೂ "ಬಸುರಿ ಆದೆ, ಇನ್ನು ಬರಬೇಡ" ಅಂದರೆ ಅದು ಕಾನೂನಿಗೆ ವಿರುದ್ಧ.

ರಜೆ ಲೆಕ್ಕ
ಇದನ್ನು ಎಲ್ಲರೂ ಓದಬೇಕು. ಯಾವಾಗಿನಿಂದ ರಜೆ ಅಂತ ಬರವಣಿಗೆಯಲ್ಲಿ ಕೊಟ್ಟು, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಸಾಗರದ ಹುಡುಗಿ
ಹೌದು, ಅಕೌಂಟ್ಸ್ ಕೆಲಸ ಮಾಡುತ್ತೇನೆ. 8 ವಾರದ ವಿಷಯ ಗೊತ್ತೇ ಇರಲಿಲ್ಲ. ಹಾಗಾದರೆ ಸೀಮಂತ ಮುಗಿಸಿ ಅದೇ ದಿನ ಹೊರಡುವುದು ಆಗುವುದಿಲ್ಲ. ಅಮ್ಮನಿಗೆ ಹೇಗೆ ಹೇಳಲಿ? ಅವರು ಆಗಲೇ ಹಳೇ ಕಾಟನ್ ಸೀರೆ ಹರಿದು ಒಗೆದು ಇಟ್ಟಿದ್ದಾರೆ.

ಶಿವಮೊಗ್ಗ ಸೊಸೆ
ಶಾಸ್ತ್ರಕ್ಕೆ ಕರೆದುಕೊಂಡು ಹೋಗಿ ವಾಪಸ್ ಬರುವುದೂ ಇದೆ ನಮ್ಮ ಕಡೆ. ಸೀಮಂತದ ದಿನ ತವರಿನವರು ಮಡಿಲು ತುಂಬಿ ಕರೆಯುತ್ತಾರೆ, ಯಾರದಾದರೂ ನೆಂಟರ ಮನೆಯಲ್ಲಿ ಒಂದು ರಾತ್ರಿ ಇದ್ದು ಬರುತ್ತಾರೆ. ಆಮೇಲೆ ಒಂಬತ್ತರಲ್ಲಿ ನಿಜವಾಗಿ ಹೋಗುವುದು. ಅಮ್ಮನಿಗೆ ಇದು ಗೊತ್ತಿರುತ್ತದೆ.

ನ್ಯೂಜೆರ್ಸಿ ಕನ್ನಡತಿ
ಓದುತ್ತಾ ಕಣ್ಣು ತುಂಬಿ ಬಂತು. ನಿಮಗೆ ಎರಡು ಕಡೆಯೂ ಕರೆಯುವವರು ಇದ್ದಾರೆ. ಇಲ್ಲಿ ನನ್ನ ಮೊದಲ ಹೆರಿಗೆಗೆ ಅಮ್ಮನ ವೀಸಾ ಆಗಲಿಲ್ಲ. ಇಲ್ಲಿನ ಕೇಂದ್ರ ಕಾನೂನಿನಲ್ಲಿ ಇರುವುದು 12 ವಾರ, ಅದೂ ಸಂಬಳ ಇಲ್ಲದ ರಜೆ. ನಮ್ಮ ಊರಿನ ಕನ್ನಡದ ಹೆಂಗಸರು ಪಾಳಿ ಹಾಕಿಕೊಂಡು ಊಟ ತಂದರು. ಒಬ್ಬರು ಮೆಣಸಿನ ಸಾರು, ಇನ್ನೊಬ್ಬರು ಸಬ್ಬಸಿಗೆ ಸೊಪ್ಪಿನ ಪಲ್ಯ, ಮತ್ತೊಬ್ಬರು ಅಂಟಿನ ಉಂಡೆ. ಮುಖ ಪರಿಚಯವೂ ಇಲ್ಲದವರು ಬಂದು ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ ಹೋದರು. ನೀವು ಇರುವ ಬೀದಿಯಲ್ಲಿ, ಆಫೀಸಿನಲ್ಲಿ ಇದೇ ತಿಂಗಳಿನ ಬಸುರಿಯರು ಇದ್ದರೆ ಹುಡುಕಿ. ತಾಯಿ ಹತ್ತಿರ ಹೇಳಲಾಗದ್ದನ್ನು ಅವರ ಹತ್ತಿರ ಹೇಳಬಹುದು.

ಅಂಗನವಾಡಿ ಟೀಚರ್
ಅದಕ್ಕೆ ಅಂಗನವಾಡಿಗೆ ಬನ್ನಿ. ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ಇಡೀ ರಾಜ್ಯದಲ್ಲಿ ಇದೆ. ಬಸುರಿಯರಿಗೆ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿ ಊಟ. ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ ಕೂಡ. ನಮ್ಮಲ್ಲಿ ಊಟಕ್ಕೆ ಬರುವವರು ಊಟ ಮುಗಿದ ಮೇಲೂ ಒಂದು ಗಂಟೆ ಕೂತು ಮಾತಾಡುತ್ತಾರೆ. ಯಾರ ಕಾಲು ಊದಿದೆ, ಯಾರ ಗಂಡ ಕುಡಿದು ಬಂದ, ಎಲ್ಲ ಅಲ್ಲೇ ಬರುತ್ತದೆ. ಮೊನ್ನೆ ಒಬ್ಬಳ ಮುಖ ಊದಿದ್ದನ್ನು ಪಕ್ಕದಲ್ಲಿ ಕೂತವಳೇ ಗುರುತಿಸಿ ಹೇಳಿದಳು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದೆವು, ಬಿಪಿ ಜಾಸ್ತಿ ಇತ್ತು.

ತಾಯಿ ಕಾರ್ಡ್ ಮಾಡಿಸಿದ್ದೀರಾ? ಖಾಸಗಿ ಆಸ್ಪತ್ರೆಗೆ ಹೋಗುವವರು ಬೇಕಿಲ್ಲ ಅಂತ ಬಿಟ್ಟುಬಿಡುತ್ತಾರೆ. ಊರು ಬದಲಾಯಿಸುವವರಿಗೆ ಅದೇ ಬೇಕು. ಮಾತೃ ವಂದನಾ ಯೋಜನೆಯ ಹಣಕ್ಕೂ ಬೇಕಾಗುತ್ತದೆ. ಅರ್ಹತೆ ಇದ್ದವರಿಗೆ ಮೊದಲ ಮಗುವಿಗೆ 5000 ರೂಪಾಯಿ, ಎರಡನೆಯದು ಹೆಣ್ಣಾದರೆ 6000.

34ನೇ ವಾರ
ಮುಖ ಊದುವುದು ಅಪಾಯನಾ? ನನ್ನ ಕಾಲು ಸಂಜೆ ಹೊತ್ತಿಗೆ ಊದುತ್ತದೆ.

ಲೇಬರ್ ವಾರ್ಡ್ ನರ್ಸ್
ಸಂಜೆ ಕಾಲು ಊದಿ, ಬೆಳಿಗ್ಗೆ ಇಳಿದರೆ ಸಾಮಾನ್ಯ. ಮುಖ, ಕೈ ಇದ್ದಕ್ಕಿದ್ದಂತೆ ಊದಿದರೆ, ಜೋರು ತಲೆನೋವು ಬಂದರೆ, ಕಣ್ಣು ಮಂಜಾದರೆ, ಪಕ್ಕೆಯ ಕೆಳಗೆ ಮೇಲುಹೊಟ್ಟೆ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಬಿಪಿ 140/90 ಮುಟ್ಟಿದರೆ ಮನೆಯಲ್ಲಿ ಕೂರಬಾರದು. ರಕ್ತ ಕಂಡರೆ, ನೀರು ಹೋದರೆ, ಮಗು ಒದೆಯುವುದು ಕಮ್ಮಿ ಆದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಬೇವೂರು
ಇದೆಲ್ಲ ಹೇಳಿ ಹೆದರಿಸಬೇಡಿ. ನಮ್ಮಜ್ಜಿ ಮನೆಯಲ್ಲೇ ಎಂಟು ಹೆತ್ತರು.

ಲೇಬರ್ ವಾರ್ಡ್ ನರ್ಸ್
ಅಜ್ಜಿಗೆ ನನ್ನ ನಮಸ್ಕಾರ. ಹೆದರಿಸಲು ಹೇಳುತ್ತಿಲ್ಲ. ಲಕ್ಷಣ ಗೊತ್ತಿದ್ದವರು ಟೈಮಿಗೆ ಬರುತ್ತಾರೆ. ತಡವಾಗಿ ಬಂದವರನ್ನು ನಾನು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಬೇವೂರು
ಸರಿ ಮೇಡಂ. ಒಂದು ಕೇಳುತ್ತೇನೆ. ಬಾಣಂತಿಗೆ ನೀರು ಕೊಡಬಾರದು ಅಂತ ನಮ್ಮ ಮನೆಯಲ್ಲಿ ಹೇಳುತ್ತಾರೆ. ಹೊಟ್ಟೆ ಬರುತ್ತದಂತೆ, ಮಗುವಿಗೆ ಶೀತ ಆಗುತ್ತದಂತೆ. ನಿಜವಾ?

ಲೇಬರ್ ವಾರ್ಡ್ ನರ್ಸ್
ನಿಜ ಅಲ್ಲ. ಇದೊಂದು ಪದ್ಧತಿ ಹೋಗಲೇಬೇಕು. ಹಾಲು ಕುಡಿಸುವ ತಾಯಿಗೆ ನೀರು ಜಾಸ್ತಿ ಬೇಕು. ಹೆರಿಗೆ ಆದ ಮೇಲಿನ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚು. ನೀರು ಕೊಡದೆ ಒಣಗಿಸಿದರೆ ಅದು ಇನ್ನೂ ಏರುತ್ತದೆ. ಕಾಲಿನಲ್ಲಿ ಆಗಬಹುದು, ತಲೆಯ ರಕ್ತನಾಳದಲ್ಲೂ ಆಗಬಹುದು. ಬಿಸಿನೀರೇ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಕೇಳಿದಷ್ಟು ಕೊಡಿ.

ಹುಬ್ಬಳ್ಳಿ ಅಕ್ಕ
ನಾನು ಹಳೇ ಪದ್ಧತಿಯ ಪರ. ಎಣ್ಣೆ ನೀರು, ಬೆಳ್ಳುಳ್ಳಿ, ಮೆಂತ್ಯ, ಅಂಟಿನ ಉಂಡೆ ಎಲ್ಲ ಬೇಕು. ಆದರೆ ನೀರಿನ ವಿಷಯದಲ್ಲಿ ನರ್ಸ್ ಹೇಳಿದ್ದು ಖರೆ. ನನ್ನ ತಂಗಿಗೆ ನೀರು ಕೊಡದೆ ಮೂಲವ್ಯಾಧಿ ಆಗಿ ಒದ್ದಾಡಿದಳು. ಕೋಣೆ ಬಾಗಿಲು ಹಾಕಿ ಮಂಚದ ಕೆಳಗೆ ಕೆಂಡ ಇಡುವುದೂ ಬೇಡ. ಹೊಗೆಯಲ್ಲಿ ಕೂಸಿಗೆ ಉಸಿರಾಡಲು ಆಗುವುದಿಲ್ಲ.

ಮಂಗಳೂರು ಮಾವು
ಪಪ್ಪಾಯ, ಗ್ರಹಣ, ಕೇಸರಿ ಹಾಲು... ಇವತ್ತು ಎಲ್ಲ ಬಂದೇ ಬರುತ್ತದೆ ಇಲ್ಲಿ.

ಹೊಸ ಅಪ್ಪ
ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆ ಅಂತ ಪಕ್ಕದ ಮನೆಯವರು ಡಬ್ಬಿ ತಂದುಕೊಟ್ಟಿದ್ದರು. ನನ್ನ ಹೆಂಡತಿ "ನನ್ನ ಮಗು ನನ್ನ ಬಣ್ಣ ಇರಲಿ" ಅಂತ ಹೇಳಿ ವಾಪಸ್ ಕೊಟ್ಟಳು. ನನಗೆ ಅವತ್ತು ತುಂಬಾ ಹೆಮ್ಮೆ ಆಯಿತು.

ಮಳೆಬಿಲ್ಲು
ನಾನು ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಹೋದ ವರ್ಷ ನಾಲ್ಕನೇ ತಿಂಗಳಲ್ಲಿ ಮಗು ಹೋಯಿತು. ಈಗ ಮತ್ತೆ ಬಸುರಿ, 17ನೇ ವಾರ. ಮನೆಯಲ್ಲಿ ಯಾರಿಗೂ ಖುಷಿ ತೋರಿಸಲು ಧೈರ್ಯ ಇಲ್ಲ, ನನಗೂ ಇಲ್ಲ. ಬಾತ್‌ರೂಮಿಗೆ ಹೋದಾಗಲೆಲ್ಲ ರಕ್ತ ಇದೆಯಾ ಅಂತ ನೋಡುತ್ತೇನೆ. ತವರಿಗೆ ಹೋಗುವುದಾ, ಇರುವುದಾ ಅನ್ನುವ ಪ್ರಶ್ನೆ ನನಗೂ ಬರಲಿ ಅಂತ ಆಸೆ.

ಸಾಗರದ ಹುಡುಗಿ
ಖಂಡಿತ ಬರುತ್ತದೆ. ನನಗೆ ಪ್ರತ್ಯೇಕ ಮೆಸೇಜ್ ಮಾಡಿ. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಹೇಗೂ ನಾನು ಎದ್ದಿರುತ್ತೇನೆ.

ನ್ಯೂಜೆರ್ಸಿ ಕನ್ನಡತಿ
ನನಗೂ ಒಮ್ಮೆ ಹಾಗಾಗಿದೆ. ಆಮೇಲಿನ ಬಸಿರಿನಲ್ಲಿ ಪ್ರತಿ ಸ್ಕ್ಯಾನ್ ಹಿಂದಿನ ದಿನ ಊಟ ಸೇರುತ್ತಿರಲಿಲ್ಲ. ಭಯ ಇದ್ದೇ ಇರುತ್ತದೆ, ಅದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ನಿಮಗೆ 18ರಿಂದ 20ನೇ ವಾರದ ದೊಡ್ಡ ಸ್ಕ್ಯಾನ್ ಹತ್ತಿರ ಬಂತು. ಒಬ್ಬರೇ ಹೋಗಬೇಡಿ.

ಅಂಗನವಾಡಿ ಟೀಚರ್
ಮನಸ್ಸಿಗೆ ತೀರಾ ಭಾರ ಆದರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಾಣಂತಿಯರಿಗೂ ಹೇಳುತ್ತಿರುತ್ತೇನೆ. ಹೆರಿಗೆ ಆದ ಮೇಲೆ ಸುಮ್ಮನೆ ಅಳು ಬರುವುದನ್ನು ಎಷ್ಟೋ ಜನ ಮುಚ್ಚಿಡುತ್ತಾರೆ.

ಶಿವಮೊಗ್ಗ ಸೊಸೆ
ಮತ್ತೆ ಮೊದಲಿನ ಪ್ರಶ್ನೆಗೆ ಬರೋಣ. ಸಾಗರದ ಹುಡುಗಿ, ನಿಮಗೆ ಶಿವಮೊಗ್ಗದಲ್ಲಿ ಯಾರಾದರೂ ನೆಂಟರು ಇದ್ದಾರಾ? ಸಾಗರದಿಂದ ಇಲ್ಲಿಗೆ ಸುಮಾರು 70 ಕಿಲೋಮೀಟರ್. ಜೋರು ಮಳೆಯ ರಾತ್ರಿ ನೋವು ಬಂದ ಮೇಲೆ ಅಷ್ಟು ದೂರ ಬರುವ ಬದಲು ಮೊದಲೇ ಇಲ್ಲಿ ಬಂದು ಇರಬಹುದು. ಇಲ್ಲಿ ಮೆಗ್ಗಾನ್ ಇದೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಖಾಸಗಿಯವೂ ಬೇಕಾದಷ್ಟಿವೆ.

ಸಾಗರದ ಹುಡುಗಿ
ಅಮ್ಮನ ತಂಗಿ, ಅಂದರೆ ನನ್ನ ಚಿಕ್ಕಮ್ಮ ಶಿವಮೊಗ್ಗದಲ್ಲೇ ಇದ್ದಾರೆ! ನಮ್ಮ ಯಾರಿಗೂ ಇದು ಹೊಳೆದಿರಲಿಲ್ಲ. ಎಲ್ಲರೂ ಊರು ಅಥವಾ ಬೆಂಗಳೂರು ಅಂತ ಎರಡೇ ಹಿಡಿದುಕೊಂಡು ಕೂತಿದ್ದೆವು.

34ನೇ ವಾರ
ಇದು ಚೆನ್ನಾಗಿದೆ. ನಾನೂ ಒಪ್ಪುತ್ತೇನೆ. ಆದರೆ ಹೊಸ ಡಾಕ್ಟರನ್ನು ಕೊನೇ ವಾರ ಮೊದಲ ಸಲ ನೋಡಬೇಡಿ.

ಲೇಬರ್ ವಾರ್ಡ್ ನರ್ಸ್
ಹೌದು. 32ರಿಂದ 34ನೇ ವಾರದೊಳಗೆ ಅಲ್ಲಿ ಹೆಸರು ಬರೆಸಿ, ಒಮ್ಮೆ ತೋರಿಸಿಕೊಳ್ಳಿ. ಇಲ್ಲಿಯ ಸ್ಕ್ಯಾನ್, ರಕ್ತದ ರಿಪೋರ್ಟ್, ಆಂಟಿ-ಡಿ ಕೊಟ್ಟ ತಾರೀಖು ಎಲ್ಲ ಒಂದೇ ಫೈಲಿನಲ್ಲಿ ಇರಲಿ. ಮೊಬೈಲಿನಲ್ಲೂ ಫೋಟೋ ತೆಗೆದಿಡಿ. ಅಲ್ಲಿ ಮೂರು ಕೇಳಿ. ರಾತ್ರಿ ಸಿಸೇರಿಯನ್ ಬೇಕಾದರೆ ಅರಿವಳಿಕೆ ಡಾಕ್ಟರ್ ಸಿಗುತ್ತಾರಾ? ಓ ನೆಗೆಟಿವ್ ರಕ್ತ ಎಲ್ಲಿಂದ ಬರುತ್ತದೆ? ಹುಟ್ಟಿದ ಮಗುವಿಗೆ ತೊಂದರೆ ಆದರೆ ಅಲ್ಲೇ ನೋಡುತ್ತಾರಾ, ಬೇರೆ ಕಡೆ ಕಳಿಸುತ್ತಾರಾ?

ಸರ್ಕಾರಿ ಆಸ್ಪತ್ರೆಗೆ ಹೋಗುವುದಾದರೆ ಹೆರಿಗೆ, ಸಿಸೇರಿಯನ್, ಔಷಧಿ, ಊಟ ಎಲ್ಲ ಉಚಿತ. ದುಡ್ಡು ಕೇಳಿದರೆ ಕೊಡಬೇಡಿ. ಹೆರಿಗೆ ಕೋಣೆಗೆ ಜೊತೆಗೊಬ್ಬ ಹೆಂಗಸನ್ನು ಬಿಡಬೇಕು ಅಂತ 2016ರಲ್ಲೇ ಹೇಳಿದ್ದಾರೆ. ಅಮ್ಮನೋ ಚಿಕ್ಕಮ್ಮನೋ ಒಳಗಿರಲಿ.

ರಜೆ ಲೆಕ್ಕ
ಪ್ರಯಾಣಕ್ಕೆ ಬಸ್ಸು ಬೇಡ. ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲು ಇದೆಯಲ್ಲ. ಬಸುರಿಯರಿಗೆ ಕೆಳಗಿನ ಬರ್ತ್ ಕೋಟಾ ಇರುತ್ತದೆ, ಡಾಕ್ಟರ್ ಪತ್ರ ತೋರಿಸಿ ಕೌಂಟರಿನಲ್ಲಿ ಕೇಳಿ.

ಸಾಗರದ ಹುಡುಗಿ
ಇವತ್ತು ಎಲ್ಲರ ಜೊತೆ ಮಾತಾಡಿದೆ. ಸೀಮಂತ ಆದ ಮೇಲೆ ಒಂದು ರಾತ್ರಿ ಬನಶಂಕರಿಯ ಮಾವನ ಮನೆಗೆ ಹೋಗಿ ಬರುತ್ತೇನೆ. 33ನೇ ವಾರಕ್ಕೆ ಶಿವಮೊಗ್ಗ. ಚಿಕ್ಕಮ್ಮ ಈಗಲೇ ಕೋಣೆ ಖಾಲಿ ಮಾಡುತ್ತಿದ್ದಾರೆ. ಹೆರಿಗೆ ಹತ್ತಿರ ಬಂದಾಗ ಅಮ್ಮ ಅಲ್ಲಿಗೆ ಬರುತ್ತಾರೆ. ಮಳೆ ಕಮ್ಮಿ ಆದ ಮೇಲೆ ಮಗು ಕರೆದುಕೊಂಡು ಊರಿಗೆ. ನನ್ನ ಗಂಡ ಆ ವಾರ ರಜೆ ಹಾಕುತ್ತೇನೆ ಅಂದರು. ಡಾಕ್ಟರ್ ಆಂಟಿ-ಡಿಗೆ ನಾಳೆ ಬರಲು ಹೇಳಿದ್ದಾರೆ, ಕೊಡುವ ಮುಂಚೆ ಒಂದು ರಕ್ತದ ಟೆಸ್ಟ್ ಇದೆಯಂತೆ.

ಹುಬ್ಬಳ್ಳಿ ಅಕ್ಕ
ಅಂತೂ ತವರಿನವರ ಕೈಗೇ ಹೋದೆ. ನನಗೆ ಅಷ್ಟು ಸಾಕು. ಸೀಮಂತದ ಫೋಟೋ ಹಾಕು.

ಶಿವಮೊಗ್ಗ ಸೊಸೆ
ನನ್ನ ತಮ್ಮನದು ಓ ನೆಗೆಟಿವ್. ಅವನ ಹತ್ತಿರ ಮಾತಾಡಿದ್ದೇನೆ, ಆಗಸ್ಟ್‌ನಲ್ಲಿ ಊರಲ್ಲೇ ಇರುತ್ತಾನೆ, ಬೇಕಾದರೆ ಕೊಡುತ್ತಾನೆ. ನಂಬರ್ ಪ್ರತ್ಯೇಕವಾಗಿ ಕಳಿಸುತ್ತೇನೆ.

ಗಾರ್ಮೆಂಟ್ಸ್ ಗೆಳತಿ
ಯಾರಿಗಾದರೂ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದಾ? ಏನು ಮಾಡುತ್ತೀರಿ?

ಮಂಗಳೂರು ಮಾವು
ಕಾಲು ನೀಟಾಗಿ ಚಾಚಿ, ಪಾದವನ್ನು ನಿಮ್ಮ ಕಡೆಗೆ ಎಳೆಯಿರಿ. ಒಂದು ನಿಮಿಷದಲ್ಲಿ ಬಿಡುತ್ತದೆ. ಒಂದೇ ಕಾಲು ಊದಿ, ಕೆಂಪಾಗಿ ನೋಯುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.